ವಿಶೇಷ ಆರೈಕೆ ಬೇಕಿರುವ ಮಕ್ಕಳನ್ನು ಸಾಕುವ ಪೋಷಕ ಕುಟುಂಬಗಳಿಗೆ ಸಿಗಬೇಕಾದ ನೆರವು: ಪದೇ ಪದೇ ಕೇಳುವ ಪ್ರಶ್ನೆಗಳು

ಹೆತ್ತವರ ಜೊತೆ ಇರಲಾಗದ ಮಗುವನ್ನು ಕೆಲವು ತಿಂಗಳಿಗೋ ಹಲವು ವರ್ಷಕ್ಕೋ ತಮ್ಮ ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುವವರು ಪೋಷಕ ಕುಟುಂಬದವರು. ಆ ಮಗುವಿಗೆ ಅಂಗವೈಕಲ್ಯ, ದೀರ್ಘಕಾಲದ ಕಾಯಿಲೆ ಅಥವಾ ಮನಸ್ಸಿಗಾದ ಆಳವಾದ ಗಾಯ ಇದ್ದರೆ ಮನೆಯವರ ಒಳ್ಳೆಯ ಮನಸ್ಸೊಂದರಿಂದಲೇ ಎಲ್ಲ ನಡೆಯುವುದಿಲ್ಲ. ನರ್ಸ್, ಥೆರಪಿಸ್ಟ್, ಶಾಲೆ, ಸಲಕರಣೆ, ಬಿಡುವು ಎಲ್ಲವೂ ಬೇಕು, ಹೊತ್ತಿಗೆ ಸರಿಯಾಗಿ ಬೇಕು.

ಯಾವ ಮಕ್ಕಳ ಬಗ್ಗೆ ಈ ಮಾತು?

ಒಂದಕ್ಕಿಂತ ಹೆಚ್ಚು ತೊಂದರೆಗಳು ಒಟ್ಟಿಗೆ ಇರುವ, ಹಾಗಾಗಿ ಒಬ್ಬ ವೈದ್ಯರೋ ಒಂದು ಇಲಾಖೆಯೋ ಪೂರ್ತಿಯಾಗಿ ನೋಡಿಕೊಳ್ಳಲಾಗದ ಮಕ್ಕಳ ಬಗ್ಗೆ. ಸೆರೆಬ್ರಲ್ ಪಾಲ್ಸಿ (ಮೆದುಳಿಗಾದ ಹಾನಿಯಿಂದ ಮೈಯ ಚಲನೆ, ಹಿಡಿತ ಕಷ್ಟವಾಗುವ ಸ್ಥಿತಿ) ಜೊತೆಗೆ ಫಿಟ್ಸ್ ಬರುವ ಮಗು, ಟ್ಯೂಬ್ ಮೂಲಕ ಆಹಾರ ಪಡೆಯುವ ಮಗು, ಆಟಿಸಂ ಇದ್ದು ಮಾತು ಬಾರದ ಮಗು, ಗರ್ಭದಲ್ಲಿದ್ದಾಗಲೇ ತಾಯಿಯ ಮದ್ಯಸೇವನೆಯಿಂದ ಮೆದುಳಿಗೆ ಪೆಟ್ಟಾದ ಮಗು, ಹಿಂಸೆ ಅಥವಾ ನಿರ್ಲಕ್ಷ್ಯ ಅನುಭವಿಸಿ ಯಾರನ್ನೂ ನಂಬದ ಸ್ಥಿತಿಗೆ ಬಂದ ಮಗು. ಹಲವು ಮಕ್ಕಳಲ್ಲಿ ಇವುಗಳಲ್ಲಿ ಎರಡು ಮೂರು ಸೇರಿಕೊಂಡಿರುತ್ತವೆ. ಮಾತಾಡದ ಮಗುವಿಗೆ ಭಯವಾಗಿದೆಯೋ, ಹೊಟ್ಟೆ ನೋಯುತ್ತಿದೆಯೋ, ಔಷಧಿಯ ಅಡ್ಡಪರಿಣಾಮವೋ ಎಂದು ಬಿಡಿಸಿ ನೋಡುವುದೇ ದೊಡ್ಡ ಕೆಲಸ.

ನೆರವು ಕೇಳಿದರೆ 'ಇವರ ಕೈಲಿ ಆಗುವುದಿಲ್ಲ' ಅಂದುಕೊಳ್ಳುತ್ತಾರಾ?

ಈ ಅಂಜಿಕೆಯಿಂದಲೇ ಎಷ್ಟೋ ಕುಟುಂಬಗಳು ಬಾಯಿ ಬಿಡದೆ ಸೋತುಹೋಗುತ್ತವೆ. ನೆರವು ಮಗುವಿನ ಹಕ್ಕು. ಮನೆಯವರಿಗೆ ಮಾಡುವ ಉಪಕಾರವಲ್ಲ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 20ನೇ ವಿಧಿ, ತನ್ನ ಕುಟುಂಬದಿಂದ ದೂರವಾದ ಮಗುವಿಗೆ ಸರ್ಕಾರ ವಿಶೇಷ ರಕ್ಷಣೆ ಮತ್ತು ನೆರವು ಕೊಡಬೇಕು ಎನ್ನುತ್ತದೆ. 23ನೇ ವಿಧಿ ಅಂಗವೈಕಲ್ಯವಿರುವ ಮಗುವಿಗೂ ಅದನ್ನು ನೋಡಿಕೊಳ್ಳುವವರಿಗೂ ಸಿಗಬೇಕಾದ ಸಹಾಯದ ಬಗ್ಗೆ ಹೇಳುತ್ತದೆ. ಪರ್ಯಾಯ ಆರೈಕೆ ಕುರಿತ 2009ರ ವಿಶ್ವಸಂಸ್ಥೆ ಮಾರ್ಗಸೂಚಿಗಳಂತೂ ಪೋಷಕ ಕುಟುಂಬದವರಿಗೆ ತಯಾರಿ, ಬೆಂಬಲ, ಆಪ್ತಸಲಹೆ ಮೂರೂ ಮಗು ಬರುವ ಮೊದಲು, ಇರುವಾಗ ಮತ್ತು ಹೋದ ಮೇಲೂ ಸಿಗಬೇಕು ಎಂದು ನೇರವಾಗಿಯೇ ಹೇಳಿವೆ. ಹಾಗಾಗಿ ಸಂಕೋಚ ಬೇಡ. ಬೇಗ ಕೇಳಿ, ಬರವಣಿಗೆಯಲ್ಲಿ ಕೇಳಿ.

ಮಗು ಮನೆಗೆ ಬರುವ ಮೊದಲು ಏನೇನು ಕೇಳಿ ತಿಳಿದುಕೊಳ್ಳಬೇಕು?

ನಿಮ್ಮ ಮಾತಿಗೆ ಅತಿ ಹೆಚ್ಚು ತೂಕ ಇರುವುದು ಒಪ್ಪಿಗೆ ಕೊಡುವ ಮೊದಲು. ಮಗು ಬಂದಾದ ಮೇಲೆ ಪ್ರತಿಯೊಂದೂ ಕಾಯುವ ಪಟ್ಟಿಗೆ ಸೇರುತ್ತದೆ. ಆದ್ದರಿಂದ ಈ ಹಂತದಲ್ಲಿ ಆತುರ ಬೇಡ.

ಮೊದಲು ವೈದ್ಯಕೀಯ ವಿವರ: ಈಗಿನ ಔಷಧಿಗಳ ಪಟ್ಟಿ (ಹೆಸರು, ಮಿಲಿಗ್ರಾಂ, ಎಷ್ಟು ಮಿಲಿಲೀಟರ್, ಎಷ್ಟು ಹೊತ್ತಿಗೆ), ಅಲರ್ಜಿ, ಹಾಕಿಸಿದ ಲಸಿಕೆಗಳು, ಆಗಿರುವ ಶಸ್ತ್ರಚಿಕಿತ್ಸೆಗಳು, ಮುಂದಿನ ಅಪಾಯಿಂಟ್‌ಮೆಂಟ್‌ಗಳು, ನೋಡುತ್ತಿರುವ ವೈದ್ಯರ ಹೆಸರು. ಔಷಧಿ ಕನಿಷ್ಠ ಎರಡು ವಾರಕ್ಕಾಗುವಷ್ಟು ಮಗುವಿನ ಜೊತೆಯಲ್ಲೇ ಬರಲಿ. ಫಿಟ್ಸ್ ಔಷಧಿ ಒಂದೆರಡು ದಿನ ತಪ್ಪಿದರೂ ಅಪಾಯ. ಹೊಸ ವೈದ್ಯರು ಸಿಗುವವರೆಗೆ ಚೀಟಿ ಬರೆಯುವವರು ಯಾರು ಎಂಬುದೂ ಮೊದಲೇ ಗೊತ್ತಿರಬೇಕು.

ಆಮೇಲೆ ದಿನಚರಿ. ಇದು ಯಾವ ಕಡತದಲ್ಲೂ ಇರುವುದಿಲ್ಲ, ಈಗ ನೋಡಿಕೊಳ್ಳುತ್ತಿರುವವರ ಬಾಯಿಂದಲೇ ಬರಬೇಕು. ಮಗು ಹೇಗೆ ಮಲಗುತ್ತದೆ, ಯಾವ ಮಗ್ಗುಲಿಗೆ? ದೀಪ ಬೇಕಾ? ಸ್ನಾನದ ನೀರಿನ ಸದ್ದಿಗೆ ಹೆದರುತ್ತದಾ? ನೋವಾದಾಗ ಹೇಗೆ ತೋರಿಸುತ್ತದೆ? 'ಹೌದು' 'ಬೇಡ' ಹೇಗೆ ಹೇಳುತ್ತದೆ, ಕಣ್ಣಿನಲ್ಲೋ, ಕೈಯಲ್ಲೋ, ಚಿತ್ರ ತೋರಿಸಿಯೋ? ಮಾತಾಡದ ಮಗುವಿನ ಈ ಸನ್ನೆಗಳು ಹೊಸ ಮನೆಗೆ ಬರುವಷ್ಟರಲ್ಲಿ ಕಳೆದುಹೋದರೆ ಮಗು ಇನ್ನೊಮ್ಮೆ ಮೂಕವಾದಂತೆ. ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಸಾಧ್ಯವಾದರೆ ಊಟ ಮಾಡಿಸುವುದನ್ನೂ ಎತ್ತಿಕೊಳ್ಳುವುದನ್ನೂ ಅನುಮತಿ ಪಡೆದು ವಿಡಿಯೊ ಮಾಡಿಕೊಳ್ಳಿ.

ಕೊನೆಯದಾಗಿ ಬೆಂಬಲದ ಒಪ್ಪಂದ. ಯಾವ ಸೇವೆ, ಯಾರಿಂದ, ವಾರಕ್ಕೆ ಎಷ್ಟು ಗಂಟೆ, ಯಾವ ದಿನಾಂಕದಿಂದ, ತಪ್ಪಿದರೆ ಯಾರಿಗೆ ಹೇಳಬೇಕು. 'ಅಗತ್ಯ ನೆರವು ಒದಗಿಸಲಾಗುವುದು' ಎಂಬ ಒಂದು ಸಾಲಿಗೆ ಸಹಿ ಹಾಕಬೇಡಿ. ಅದರಲ್ಲಿ ಹೆಸರೂ ಇಲ್ಲ, ದಿನಾಂಕವೂ ಇಲ್ಲ, ನಾಳೆ ಹಿಡಿದು ಕೇಳಲು ಏನೂ ಸಿಗುವುದಿಲ್ಲ.

ಬೇರೆ ಮಗುವಿಗೆ ಟ್ಯೂಬ್ ಫೀಡಿಂಗ್ ಮಾಡಿ ಅಭ್ಯಾಸವಿದೆ. ಮತ್ತೆ ತರಬೇತಿ ಬೇಕಾ?

ಬೇಕು. ಟ್ಯೂಬಿನ ಬಗೆ, ಅಳತೆ, ಆಹಾರ ಕೊಡುವ ವೇಗ, ಮಗುವಿನ ಮೈಕಟ್ಟು ಎಲ್ಲವೂ ಬೇರೆ ಇರುತ್ತವೆ. ಆಯಾ ಮಗುವಿಗೆಂದೇ ನರ್ಸ್ ಕಲಿಸಬೇಕು, ನೀವು ಮಾಡುವುದನ್ನು ಅವರು ನಿಂತು ನೋಡಬೇಕು, ಸರಿ ಇದೆ ಎಂದು ಸಹಿ ಹಾಕಬೇಕು. ಕಡೇಪಕ್ಷ ಮನೆಯಲ್ಲಿ ಇಬ್ಬರು ದೊಡ್ಡವರು ಕಲಿತಿರಬೇಕು. ಒಬ್ಬರೇ ಕಲಿತಿದ್ದರೆ ಅವರಿಗೆ ಜ್ವರ ಬಂದ ದಿನ ಮಗು ಆಸ್ಪತ್ರೆ ಸೇರಬೇಕಾಗುತ್ತದೆ. ತರಬೇತಿಯನ್ನು ಎಷ್ಟು ತಿಂಗಳಿಗೊಮ್ಮೆ ನವೀಕರಿಸಬೇಕು ಎಂದೂ ಅಲ್ಲೇ ಕೇಳಿ ಬರೆದುಕೊಳ್ಳಿ.

ಹೊಟ್ಟೆಗೆ ಹಾಕಿದ ಟ್ಯೂಬಿನಲ್ಲಿ ಸಾಮಾನ್ಯವಾಗಿ ಏನು ತಪ್ಪಾಗುತ್ತದೆ?

ಮೂರು ತೊಂದರೆಗಳು ಹೆಚ್ಚು: ಕಟ್ಟಿಕೊಳ್ಳುವುದು, ಕಿತ್ತು ಬರುವುದು, ಆಹಾರ ಮೇಲೆ ಬಂದು ಶ್ವಾಸಕೋಶಕ್ಕೆ ಹೋಗುವುದು.

ಕಟ್ಟಿಕೊಳ್ಳಲು ಮುಖ್ಯ ಕಾರಣ ಔಷಧಿ. ಮಾತ್ರೆಯನ್ನು ಸರಿಯಾಗಿ ಪುಡಿಮಾಡದೆ ಹಾಕುವುದು, ಎರಡು ಔಷಧಿ ಬೆರೆಸುವುದು, ಆಹಾರದ ಜೊತೆಯಲ್ಲೇ ಕಲಸುವುದು. ಒಂದೊಂದನ್ನೂ ಬೇರೆಬೇರೆ ಕೊಟ್ಟು ನಡುವೆ ನೀರು ಹಾಯಿಸಿ. ಮೊದಲೂ ಕೊನೆಗೂ ಹಾಯಿಸಿ. ಎಷ್ಟು ಮಿಲಿಲೀಟರ್ ಎಂದು ನರ್ಸ್ ಹೇಳುತ್ತಾರೆ. ಪುಟ್ಟ ಮಕ್ಕಳಿಗೆ ಹೆಚ್ಚು ನೀರು ಹೋಗಬಾರದು. ನಿಧಾನವಾಗಿ ಬಿಡುಗಡೆಯಾಗುವಂಥ ಮಾತ್ರೆಗಳನ್ನು ಪುಡಿಮಾಡಲೇಬಾರದು, ಡೋಸ್ ಒಮ್ಮೆಲೇ ಒಳಗೆ ಹೋಗುತ್ತದೆ. ದ್ರವರೂಪದಲ್ಲಿ ಸಿಗುತ್ತದಾ ಎಂದು ಫಾರ್ಮಸಿಸ್ಟರನ್ನು ಕೇಳಿ.

ಟ್ಯೂಬ್ ಕಿತ್ತು ಬಂದರೆ ಗಡಿಯಾರ ನೋಡಿಕೊಳ್ಳಿ. ಹೊಟ್ಟೆಯ ರಂಧ್ರ ಕೆಲವೇ ಗಂಟೆಗಳಲ್ಲಿ ಕಿರಿದಾಗಲು ಶುರುವಾಗುತ್ತದೆ. ಹಳೆಯ ರಂಧ್ರವಾಗಿದ್ದು, ನಿಮಗೆ ಕಲಿಸಿದ್ದರೆ, ಮನೆಯಲ್ಲಿಟ್ಟಿರುವ ಅದೇ ಅಳತೆಯ ಇನ್ನೊಂದು ಟ್ಯೂಬನ್ನು, ವೈದ್ಯರು ಬರೆದುಕೊಟ್ಟ ಆರೈಕೆ ಯೋಜನೆಯಲ್ಲಿರುವಂತೆ ಹಾಕಬಹುದು. ಇತ್ತೀಚೆಗಷ್ಟೇ ಶಸ್ತ್ರಚಿಕಿತ್ಸೆ ಆಗಿದ್ದರೆ ಏನನ್ನೂ ತುರುಕಬೇಡಿ, ಶುಭ್ರ ಬಟ್ಟೆ ಮುಚ್ಚಿ ನೇರ ಆಸ್ಪತ್ರೆಗೆ ಹೋಗಿ; ರಂಧ್ರ ಇನ್ನೂ ಗಟ್ಟಿಯಾಗಿರುವುದಿಲ್ಲ, ಟ್ಯೂಬ್ ಬೇರೆ ಜಾಗಕ್ಕೆ ಹೋಗಿಬಿಡಬಹುದು. ಎರಡೂ ಸಂದರ್ಭದಲ್ಲಿ ಟ್ಯೂಬ್ ಸರಿಯಾದ ಜಾಗದಲ್ಲಿದೆ ಎಂದು ಖಚಿತವಾಗುವ ತನಕ ಆಹಾರ, ನೀರು, ಔಷಧಿ ಯಾವುದೂ ಬೇಡ. ಬಲೂನ್ ಇರುವ ಟ್ಯೂಬಾದರೆ (ನೀರು ತುಂಬಿದ ಪುಟ್ಟ ಬಲೂನ್ ಹೊಟ್ಟೆಯೊಳಗಿನಿಂದ ಟ್ಯೂಬನ್ನು ಹಿಡಿದಿಡುತ್ತದೆ) ಅದರ ಒಳಗಿನ ನೀರಿನ ಪ್ರಮಾಣವನ್ನು ವಾರಕ್ಕೊಮ್ಮೆ ನೋಡಿ. ಕಿತ್ತು ಬರುವ ಟ್ಯೂಬುಗಳಲ್ಲಿ ಎಷ್ಟೋ ಬಲೂನ್ ಸೋರಿದವೇ ಆಗಿರುತ್ತವೆ.

ಆಹಾರ ಹೋಗುವಾಗ ತಲೆ ಮತ್ತು ಎದೆ 30ರಿಂದ 45 ಡಿಗ್ರಿ ಮೇಲಿರಲಿ, ಮುಗಿದ ಮೇಲೂ ಅರ್ಧ ಗಂಟೆಯಿಂದ ಒಂದು ಗಂಟೆ ಹಾಗೆಯೇ ಇರಲಿ. ತಲೆಯ ಕೆಳಗೆ ಬರೀ ದಿಂಬು ಇಟ್ಟರೆ ಕುತ್ತಿಗೆ ಮಡಚಿಕೊಳ್ಳುತ್ತದೆ, ಹೊಟ್ಟೆ ಒತ್ತಿಕೊಳ್ಳುತ್ತದೆ. ಸೊಂಟದಿಂದ ಮೇಲಕ್ಕೆ ಎತ್ತರ ಬರಬೇಕು.

ಮೂಗಿನ ಟ್ಯೂಬ್ ಇದ್ದರೆ ಪ್ರತಿ ಸಲ ಆಹಾರ ಕೊಡುವ ಮೊದಲು ಅದು ಹೊಟ್ಟೆಯಲ್ಲೇ ಇದೆಯೇ ಎಂದು ಕಲಿಸಿದಂತೆ ಪರೀಕ್ಷಿಸಿ. ಒಳಗಿನಿಂದ ಎಳೆದ ದ್ರವದ ಪಿಎಚ್ (ಆಮ್ಲೀಯತೆಯ ಅಳತೆ) ಸಾಮಾನ್ಯವಾಗಿ 5.5 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಗಾಳಿ ಊದಿ ಸದ್ದು ಕೇಳುವ ಹಳೆಯ ಪದ್ಧತಿಯನ್ನು ನಂಬಬೇಡಿ.

ಫಿಟ್ಸ್ ಬಂದಾಗ ಏನು ಮಾಡಬೇಕು?

ಮೊದಲು ಸಮಯ ನೋಡಿ. ಭಯದಲ್ಲಿ ಒಂದು ನಿಮಿಷವೂ ಹತ್ತು ನಿಮಿಷದ ಹಾಗೆ ಅನಿಸುತ್ತದೆ, ಗಡಿಯಾರವಷ್ಟೇ ನಿಜ ಹೇಳುತ್ತದೆ. ಸುತ್ತಲಿನ ಗಟ್ಟಿ ವಸ್ತು ಸರಿಸಿ, ತಲೆಯ ಕೆಳಗೆ ಮೆತ್ತಗಿನದನ್ನು ಇಡಿ, ಬಿಗಿತ ಇಳಿಯುತ್ತಿದ್ದಂತೆ ಮಗ್ಗುಲಿಗೆ ಹೊರಳಿಸಿ. ಬಾಯಿಗೆ ಏನೂ ಹಾಕಬೇಡಿ, ಕೈಕಾಲು ಅದುಮಿ ಹಿಡಿಯಬೇಡಿ. ಟ್ಯೂಬಿನಲ್ಲಿ ಆಹಾರ ಹೋಗುತ್ತಿದ್ದರೆ ನಿಲ್ಲಿಸಿ. 5 ನಿಮಿಷ ದಾಟಿದರೆ ತುರ್ತು ಸ್ಥಿತಿ: ಯೋಜನೆಯಲ್ಲಿ ಬರೆದಿರುವ ತುರ್ತು ಔಷಧಿ ಕೊಟ್ಟು ಆಂಬುಲೆನ್ಸ್ ಕರೆಯಿರಿ. ಉಸಿರಾಟ ಸರಿಯಿಲ್ಲದಿದ್ದರೆ, ಎಚ್ಚರ ಬಾರದೆ ಮತ್ತೊಂದು ಶುರುವಾದರೆ, ಪೆಟ್ಟಾಗಿದ್ದರೆ, ಮಗುವಿಗೆ ಇದೇ ಮೊದಲ ಸಲವಾದರೆ 5 ನಿಮಿಷ ಕಾಯುವುದು ಬೇಡ. ಕೆಲವು ಮಕ್ಕಳ ಯೋಜನೆಯಲ್ಲಿ 5 ನಿಮಿಷಕ್ಕೂ ಮೊದಲೇ ಔಷಧಿ ಕೊಡಬೇಕೆಂದಿರುತ್ತದೆ. ಆ ಮಗುವಿಗೆ ಅದೇ ನಿಯಮ.

ಈ ಯೋಜನೆ ವೈದ್ಯರ ಸಹಿಯೊಂದಿಗೆ ಒಂದೇ ಪುಟದಲ್ಲಿರಲಿ. ಪ್ರತಿಗಳು ಫ್ರಿಜ್ ಮೇಲೆ, ಶಾಲೆಯ ಚೀಲದಲ್ಲಿ, ಗಾಡಿಯಲ್ಲಿ, ನಿಮಗೆ ಬಿಡುವು ಕೊಡಲು ಆಗಾಗ ಮಗುವನ್ನು ನೋಡಿಕೊಳ್ಳುವವರ ಹತ್ತಿರ ಇರಬೇಕು. ತುರ್ತು ಔಷಧಿ ಮಗು ಹೋದಲ್ಲೆಲ್ಲ ಹೋಗಬೇಕು. ಅವಧಿ ಮುಗಿಯುವ ದಿನಾಂಕವನ್ನು ತಿಂಗಳಿಗೊಮ್ಮೆ ನೋಡಿ.

ಔಷಧಿಯಲ್ಲಿ ಆಗುವ ತಪ್ಪುಗಳನ್ನು ತಡೆಯುವುದು ಹೇಗೆ?

ಮಿಲಿಗ್ರಾಂ, ಮಿಲಿಲೀಟರ್ ಗೊಂದಲವೇ ಹೆಚ್ಚು. ಒಂದೇ ಹೆಸರಿನ ಸಿರಪ್ ಬೇರೆ ಬೇರೆ ಸಾಂದ್ರತೆಯಲ್ಲಿ ಬರುತ್ತದೆ. ಬಾಟಲಿ ಬದಲಾದಾಗ 5 ಮಿಲಿಲೀಟರಿನಲ್ಲಿರುವ ಔಷಧಿ ಎರಡರಷ್ಟಾಗಿರಬಹುದು. ಹೊಸ ಬಾಟಲಿ ಬಂದಾಗಲೆಲ್ಲ ಚೀಟಿಯನ್ನು ಪಕ್ಕದಲ್ಲಿಟ್ಟು ಓದಿ. ಅಡುಗೆಮನೆಯ ಚಮಚ ಬೇಡ, ಬಾಯಿಗೆ ಕೊಡುವ ಸಿರಿಂಜಿನಲ್ಲೇ ಅಳೆಯಿರಿ. ಕೊಟ್ಟ ಕೂಡಲೇ ಹೊತ್ತು ಬರೆದು ಸಹಿ ಹಾಕಿ. 'ಆಮೇಲೆ ಬರೆದರಾಯಿತು' ಎಂದು ಬಿಟ್ಟ ದಿನವೇ ಇನ್ನೊಬ್ಬರು ಎರಡನೇ ಸಲ ಕೊಡುತ್ತಾರೆ. ಮಗು ಕೊಟ್ಟದ್ದನ್ನು ವಾಂತಿ ಮಾಡಿಕೊಂಡರೆ ಮತ್ತೆ ಕೊಡಬೇಕೇ ಬೇಡವೇ ಎಂದು ಪ್ರತಿ ಔಷಧಿಗೂ ಮೊದಲೇ ಕೇಳಿಟ್ಟುಕೊಳ್ಳಿ.

ಶ್ರವಣ ಸಾಧನ ಹಾಕುವ ಮಗುವಿದ್ದರೆ ಅದರ ಗುಂಡಿ ಬ್ಯಾಟರಿಗಳನ್ನೂ ಔಷಧಿಯಂತೆಯೇ ಬೀಗ ಹಾಕಿಡಿ. ನುಂಗಿದ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ 2 ಗಂಟೆಯೊಳಗೇ ಒಳಗಿನ ಪದರವನ್ನು ತೀವ್ರವಾಗಿ ಸುಡಬಲ್ಲದು. ಅನುಮಾನ ಬಂದರೂ ಸಾಕು, ಆಸ್ಪತ್ರೆಗೆ ಓಡಿ.

ಗಾಲಿಕುರ್ಚಿ, ಹಾಸಿಗೆ, ಎತ್ತುವ ಯಂತ್ರ ಇವನ್ನು ಯಾರು ಕೊಡಬೇಕು?

ಮನೆಗೆ ಬಂದು ಅಳತೆ ನೋಡುವವರು ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳು ಸುಲಭವಾಗುವಂತೆ ನೆರವಾಗುವ ತಜ್ಞರು). ಮಗು ಬರುವ ದಿನ ಗೊತ್ತಾಗುತ್ತಿದ್ದಂತೆ ಅವರ ಭೇಟಿಗೆ ಅರ್ಜಿ ಕೊಡಿ: ಬಾಗಿಲ ಅಗಲ, ಬಚ್ಚಲುಮನೆ, ಮೆಟ್ಟಿಲು, ಮಂಚದ ಎತ್ತರ ಎಲ್ಲ ನೋಡಬೇಕಾಗುತ್ತದೆ. ಯಾವ ಸಲಕರಣೆ ಮಗುವಿನ ಜೊತೆ ಬರುತ್ತದೆ, ಯಾವುದು ಹಳೆಯ ಮನೆಯಲ್ಲೋ ಶಾಲೆಯಲ್ಲೋ ಉಳಿಯುತ್ತದೆ, ಕೆಟ್ಟರೆ ರಿಪೇರಿ ಯಾರದು ಎಂದು ಬರೆಸಿಕೊಳ್ಳಿ. ಬೆಳೆಯುವ ಮಗುವಿನ ಕುರ್ಚಿಯನ್ನು ಆರು ತಿಂಗಳಿಗೊಮ್ಮೆಯಾದರೂ ಮತ್ತೆ ಹೊಂದಿಸಬೇಕು. ಅಳತೆ ತಪ್ಪಿದ ಕುರ್ಚಿಯಲ್ಲಿ ಸೊಂಟ ಓರೆಯಾಗುತ್ತದೆ, ಬೆನ್ನು ಬಾಗುತ್ತದೆ.

ತಾನಾಗಿ ಹೊರಳಲಾಗದ ಮಗುವಿಗೆ ಒತ್ತಡದ ಹುಣ್ಣು ಬರುತ್ತದೆ. ಬಟ್ಟೆ ಬದಲಿಸುವಾಗಲೆಲ್ಲ ಹಿಮ್ಮಡಿ, ಸೊಂಟದ ಬದಿ, ಬೆನ್ನುಮೂಳೆಯ ತುದಿ, ತಲೆಯ ಹಿಂಭಾಗ, ಸ್ಪ್ಲಿಂಟ್ (ಕೈಕಾಲಿಗೆ ಆಸರೆಯಾಗಿ ಕಟ್ಟುವ ಪಟ್ಟಿ) ತಗಲುವ ಜಾಗ ನೋಡಿ. ಬೆರಳಿನಿಂದ ಒತ್ತಿದಾಗ ಬಿಳಿಚಿಕೊಳ್ಳದ ಕೆಂಪು ಹುಣ್ಣಿನ ಶುರು. ಕಪ್ಪು ಚರ್ಮದಲ್ಲಿ ಕೆಂಪು ಕಾಣದು. ಬಣ್ಣ ವ್ಯತ್ಯಾಸ ಗಮನಿಸಬೇಕು, ಬಿಸಿಯೋ ಗಡಸೋ ಎಂದು ಮುಟ್ಟಿ ನೋಡಬೇಕು. ಆ ಜಾಗವನ್ನು ಉಜ್ಜಬೇಡಿ, ಭಾರ ಬೀಳದಂತೆ ಮಾಡಿ ನರ್ಸ್‌ಗೆ ತಿಳಿಸಿ.

ಆಕ್ಸಿಜನ್ ಅಥವಾ ಸಕ್ಷನ್ ಯಂತ್ರ (ಗಂಟಲಿನ ಕಫ ಎಳೆದು ತೆಗೆಯುವ ಯಂತ್ರ) ಇದ್ದರೆ ಕರೆಂಟ್ ಹೋದಾಗಿನ ವ್ಯವಸ್ಥೆ ಮೊದಲ ದಿನವೇ ಸಿದ್ಧವಿರಬೇಕು: ಬ್ಯಾಟರಿ, ಹೆಚ್ಚುವರಿ ಸಿಲಿಂಡರ್, ಕೈಯಿಂದ ನಡೆಸುವ ಸಕ್ಷನ್. ಆಕ್ಸಿಜನ್ ಹತ್ತಿರ ಬೆಂಕಿ, ಬೀಡಿ-ಸಿಗರೇಟು ಸುಳಿಯಬಾರದು, ಮಗುವಿನ ಮುಖಕ್ಕೆ ಪೆಟ್ರೋಲಿಯಂ ಜೆಲ್ಲಿಯಂಥ ಜಿಡ್ಡು ಹಚ್ಚಬಾರದು.

ಮಗು ಹೊಡೆಯುತ್ತದೆ, ಕಚ್ಚುತ್ತದೆ, ತಿಂಡಿ ಬಚ್ಚಿಡುತ್ತದೆ. ಶಿಸ್ತು ಕಲಿಸಿದರೆ ಸರಿಹೋಗುತ್ತದಾ?

ಮಾಮೂಲಿ ಶಿಸ್ತಿನಿಂದ ಸರಿಹೋಗುವುದಿಲ್ಲ, ಎಷ್ಟೋ ಸಲ ಹೆಚ್ಚಾಗುತ್ತದೆ. ಹಸಿವಿನಲ್ಲಿ ಬೆಳೆದ ಮಗು ದಿಂಬಿನ ಕೆಳಗೆ ತಿಂಡಿ ಬಚ್ಚಿಡುವುದು ಕಳ್ಳತನವಲ್ಲ, ನಾಳೆ ಸಿಗುತ್ತದೋ ಇಲ್ಲವೋ ಎಂಬ ಭಯ. ಬಯ್ಯುವ ಬದಲು ಮಗುವಿಗೇ ಒಂದು ಡಬ್ಬಿ ಕೊಡಿ, ದಿನವೂ ಅದನ್ನು ಅದರೆದುರೇ ತುಂಬಿಸಿ. ತಿಂಗಳುಗಳು ಹಿಡಿಯಬಹುದು. ಕೋಣೆಯಲ್ಲಿ ಒಂಟಿಯಾಗಿ ಕೂರಿಸುವ ಶಿಕ್ಷೆಯನ್ನು, ಕೈಬಿಡಲ್ಪಟ್ಟ ಮಗು ಮತ್ತೆ ಕೈಬಿಟ್ಟರೆಂದೇ ತಿಳಿಯುತ್ತದೆ. ಗರ್ಭದಲ್ಲಿ ಮದ್ಯದ ಪರಿಣಾಮಕ್ಕೆ ಒಳಗಾದ ಮಗು ನಿನ್ನೆ ಕಲಿತ ನಿಯಮವನ್ನು ಇಂದು ನಿಜವಾಗಿಯೂ ಮರೆತಿರುತ್ತದೆ. ಅದಕ್ಕೆ ಚಿಕ್ಕ ವಾಕ್ಯ, ಒಂದು ಸಲಕ್ಕೆ ಒಂದೇ ಸೂಚನೆ, ಚಿತ್ರಗಳ ದಿನಚರಿ ಬೇಕು.

ಆದರೆ ಎಲ್ಲಕ್ಕಿಂತ ಮೊದಲು ನೋವಿದೆಯಾ ನೋಡಿ. ಮಾತು ಬಾರದ ಮಗು ಇದ್ದಕ್ಕಿದ್ದಂತೆ ತಲೆ ಚಚ್ಚಿಕೊಳ್ಳತೊಡಗಿದರೆ ಹಲ್ಲು, ಕಿವಿ, ಮಲಬದ್ಧತೆ, ಎದೆಯುರಿ, ಹೊಸ ಔಷಧಿ ಇಷ್ಟನ್ನೂ ವೈದ್ಯರಿಂದ ನೋಡಿಸದೆ 'ವರ್ತನೆಯ ಸಮಸ್ಯೆ' ಎಂಬ ಪಟ್ಟಿ ಹಚ್ಚಲು ಬಿಡಬೇಡಿ.

ಎರಡು ವಾರ ಮೂರು ಕಾಲಂಗಳಲ್ಲಿ ಬರೆಯಿರಿ: ಅದಕ್ಕೂ ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು. ಹೊತ್ತು, ಜಾಗ, ಸದ್ದು, ಯಾರಿದ್ದರು ಎಲ್ಲ ಬರಲಿ. ಮನಶ್ಶಾಸ್ತ್ರಜ್ಞರ ಮುಂದೆ ಈ ಹಾಳೆ ಇಟ್ಟರೆ ಮೊದಲ ಭೇಟಿಯಲ್ಲೇ ಕೆಲಸ ಶುರುವಾಗುತ್ತದೆ. ಅವರ ಅಪಾಯಿಂಟ್‌ಮೆಂಟಿಗೆ ಕಾಯಬೇಕಾಗಿದ್ದರೆ, ಮಗುವನ್ನು ಬಿಟ್ಟು ನಿಮಗಷ್ಟೇ ಸಲಹೆ ಕೊಡುವ ಭೇಟಿ ಕೇಳಿ. ಅದು ಬೇಗ ಸಿಗುವ ಸಾಧ್ಯತೆ ಹೆಚ್ಚು, ಬಹಳ ಉಪಯೋಗಕ್ಕೂ ಬರುತ್ತದೆ.

ಬಿಡುವಿನ ಆರೈಕೆ ಅಂದರೇನು? ಮಗುವನ್ನು ಬೇರೆಯವರ ಹತ್ತಿರ ಬಿಟ್ಟರೆ ಅದಕ್ಕೆ ನೋವಾಗುವುದಿಲ್ಲವೇ?

ತರಬೇತಿ ಪಡೆದ ಇನ್ನೊಬ್ಬರು ಕೆಲವು ಗಂಟೆ, ಒಂದು ರಾತ್ರಿ ಅಥವಾ ವಾರಾಂತ್ಯ ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆ. ರಾತ್ರಿಯಲ್ಲಿ ಎರಡು ಮೂರು ಸಲ ಏಳುವವರು ನಿದ್ದೆಯಿಲ್ಲದೆ ಔಷಧಿ ಅಳೆಯುವಾಗ ತಪ್ಪುತ್ತಾರೆ. ಬಿಡುವು ಮಗುವಿನ ಸುರಕ್ಷತೆಯ ಭಾಗ.

ಕೆಟ್ಟದಾಗಿ ಮಾಡಿದರೆ ಮಗುವಿಗೆ ನೋವಾಗುತ್ತದೆ, ನಿಜ. ಸುಸ್ತಾಗಿ ಕುಸಿದ ದಿನ ಗುರುತು ಪರಿಚಯವಿಲ್ಲದವರ ಮನೆಗೆ ಕಳಿಸಿದರೆ ಮಗು ಅದನ್ನು ಮತ್ತೊಂದು ಸ್ಥಳಾಂತರ ಎಂದೇ ತಿಳಿಯುತ್ತದೆ. ಆದ್ದರಿಂದ ಸುಸ್ತಾಗುವ ಮೊದಲೇ ಶುರು ಮಾಡಿ. ಮೊದಲು ಅವರು ನಿಮ್ಮ ಮನೆಗೆ ಬಂದು ಒಂದು ಗಂಟೆ ಕೂರಲಿ, ಆಮೇಲೆ ಒಂದು ಊಟ ಮಾಡಿಸಲಿ, ಆಮೇಲೆ ನೀವು ಅರ್ಧ ದಿನ ಹೊರಗೆ ಹೋಗಿ, ಕೊನೆಗೆ ರಾತ್ರಿ. ಪ್ರತಿ ಸಲವೂ ಅದೇ ವ್ಯಕ್ತಿ ಇರಲಿ. ಮಗುವಿನ ಹೊದಿಕೆ ಜೊತೆಗೆ ಹೋಗಲಿ, ನೀವು ವಾಪಸ್ ಬರುವ ದಿನ ಕ್ಯಾಲೆಂಡರಿನಲ್ಲಿ ಗುರುತಾಗಿರಲಿ. ಮನೆಗೆ ಬಂದ ಮೇಲೆ ಒಂದೆರಡು ದಿನ ಮುನಿಸು, ಹಟ ಇರುತ್ತದೆ. ಅದನ್ನು ನೋಡಿ ಬಿಡುವನ್ನೇ ನಿಲ್ಲಿಸಬೇಡಿ. ವರ್ಷದ ದಿನಾಂಕಗಳನ್ನು ಒಟ್ಟಿಗೇ ಗೊತ್ತು ಮಾಡಿಸಿ. 'ಬೇಕಾದಾಗ ಕೇಳಿ' ಎಂದವರ ಬಳಿ ಬೇಕಾದಾಗ ಜಾಗ ಇರುವುದಿಲ್ಲ.

ಆಪರೇಷನ್‌ಗೆ, ಲಸಿಕೆಗೆ, ಶಾಲಾ ಪ್ರವಾಸಕ್ಕೆ ಸಹಿ ಯಾರು ಹಾಕಬೇಕು?

ಮಗು ನಿಮ್ಮ ಮನೆಯಲ್ಲಿದ್ದರೂ ಕಾನೂನಿನ ಅಧಿಕಾರ ಹೆತ್ತವರ ಬಳಿ, ನ್ಯಾಯಾಲಯದ ಬಳಿ ಅಥವಾ ಹೊಣೆ ಹೊತ್ತ ಇಲಾಖೆಯ ಬಳಿ ಇರಬಹುದು. ಅರಿವಳಿಕೆ, ಶಸ್ತ್ರಚಿಕಿತ್ಸೆ, ಲಸಿಕೆ, ಹಲ್ಲು ಕೀಳಿಸುವುದು, ಔಷಧಿ ಬದಲಾವಣೆ, ಊರು ಬಿಟ್ಟು ಪ್ರಯಾಣ, ಕೂದಲು ಕತ್ತರಿಸುವುದು, ಫೋಟೊ ಹಂಚುವುದು: ಪ್ರತಿಯೊಂದರ ಮುಂದೆಯೂ ಸಹಿ ಯಾರದೆಂದು ಬರೆದ ಕಾಗದ ನಿಮ್ಮ ಕೈಲಿರಲಿ. ರಾತ್ರಿ ಹೊತ್ತು ಸಿಗುವ ಅಧಿಕಾರಿಯ ಫೋನ್ ನಂಬರೂ ಅದರಲ್ಲೇ ಇರಲಿ. ತುರ್ತು ವಿಭಾಗದ ಬಾಗಿಲಲ್ಲಿ ಇದನ್ನು ಹುಡುಕಲು ಸಮಯ ಇರುವುದಿಲ್ಲ.

ಹೆತ್ತವರ ಭೇಟಿಯ ನಂತರ ಮಗು ವಿಪರೀತ ಅಳುತ್ತದೆ. ಭೇಟಿ ನಿಲ್ಲಿಸಬಹುದೇ?

ನೀವಾಗಿ ನಿಲ್ಲಿಸುವಂತಿಲ್ಲ. ಅಳುವುದು ಭೇಟಿ ಕೆಟ್ಟದಾಯಿತು ಎಂಬುದಕ್ಕೆ ಸಾಕ್ಷಿಯೂ ಅಲ್ಲ, ಅಗಲಿಕೆಯ ದುಃಖವೂ ಇರಬಹುದು. ಸಮಯ, ಜಾಗ, ಅವಧಿ ಮಗುವಿಗೆ ಒಗ್ಗುತ್ತದಾ ನೋಡಿ: ಟ್ಯೂಬ್ ಫೀಡ್ ಹೊತ್ತಿಗೆ ಭೇಟಿ ಇಟ್ಟಿದ್ದಾರಾ, ಜೋರು ಸದ್ದಿನ ಜಾಗವಾ? ಭೇಟಿಯ ಹಿಂದಿನ ಮತ್ತು ನಂತರದ ಎರಡು ದಿನ ನಿದ್ದೆ, ಊಟ, ಫಿಟ್ಸ್ ಹೇಗಿತ್ತು ಎಂದು ಬರೆದು, ಮಗುವಿನ ಆರೈಕೆ ಹೇಗೆ ನಡೆದಿದೆ ಎಂದು ನೋಡುವ ಪರಿಶೀಲನಾ ಸಭೆಗೆ ತನ್ನಿ. ಹೆತ್ತವರ ಬಗ್ಗೆ ಮಗುವಿನೆದುರು ಹಗುರವಾಗಿ ಮಾತಾಡಬೇಡಿ.

ದಿನದ ದಾಖಲೆಯಲ್ಲಿ ಏನು ಬರೆಯಬೇಕು?

ಕಂಡದ್ದು, ಕೇಳಿದ್ದು, ಹೊತ್ತು. 'ಸಂಜೆ ಹಟ ಮಾಡಿದ' ಎಂದರೆ ಯಾರಿಗೂ ಏನೂ ತಿಳಿಯದು. '6.40ಕ್ಕೆ ಮಿಕ್ಸಿ ಸದ್ದಾದಾಗ ಕಿವಿ ಮುಚ್ಚಿಕೊಂಡ, ತಟ್ಟೆ ಎಸೆದ, ಕೋಣೆಯ ದೀಪ ಆರಿಸಿದ ಮೇಲೆ ಎಂಟು ನಿಮಿಷಕ್ಕೆ ಸಮಾಧಾನವಾದ' ಎಂದರೆ ಥೆರಪಿಸ್ಟ್‌ಗೆ ದಾರಿ ಕಾಣುತ್ತದೆ. ಮೈಮೇಲೆ ಹೊಸ ಗುರುತು ಕಂಡರೆ ಅಳತೆ, ಬಣ್ಣ, ಜಾಗ ಬರೆದು ಅದೇ ದಿನ ತಿಳಿಸಿ. ಯಾರಾದರೂ ದೂರು ಕೊಟ್ಟಾಗ ನಿಮ್ಮನ್ನು ಕಾಯುವುದು ಆ ದಿನವೇ ಬರೆದ ಸಾಲು. ಮಗು ದೊಡ್ಡದಾದ ಮೇಲೆ ಇದನ್ನು ಓದಬಹುದು ಎಂಬುದೂ ನೆನಪಿರಲಿ; ಅದು ಮೊದಲ ಸಲ ನಕ್ಕದ್ದನ್ನೂ ಬರೆಯಿರಿ.

ಒಪ್ಪಿಕೊಂಡ ನೆರವು ಬರುತ್ತಲೇ ಇಲ್ಲ. ಏನು ಮಾಡುವುದು?

ಫೋನ್ ಮಾಡಿದ ದಿನವೇ ಇಮೇಲಿನಲ್ಲೂ ಬರೆಯಿರಿ. 'ತುಂಬಾ ಕಷ್ಟವಾಗುತ್ತಿದೆ' ಎಂಬ ಮಾತಿಗಿಂತ 'ಒಪ್ಪಂದದಲ್ಲಿ ವಾರಕ್ಕೆ ಆರು ಗಂಟೆ ನರ್ಸ್ ಸೇವೆ ಇದೆ, ಈ ತಿಂಗಳು ಬಂದದ್ದು ನಾಲ್ಕೇ ಗಂಟೆ, ಇದರಿಂದ ಮಗುವಿನ ಎರಡು ಫಿಸಿಯೋಥೆರಪಿ ತಪ್ಪಿದವು' ಎಂಬ ಸಾಲು ಕೆಲಸ ಮಾಡುತ್ತದೆ. ಮಗುವಿಗೆ ಆಗುತ್ತಿರುವ ನಷ್ಟ ಮುಂದೆ ಬರಲಿ, ಉತ್ತರ ಬೇಕಾದ ದಿನಾಂಕ ಹಾಕಿ. ಉತ್ತರ ಬಾರದಿದ್ದರೆ ಮೇಲಧಿಕಾರಿಗೆ, ಆಮೇಲೆ ಲಿಖಿತ ದೂರು, ಆಮೇಲೆ ಪರಿಶೀಲನಾ ಸಭೆಯನ್ನು ಬೇಗ ಕರೆಯಲು ಬೇಡಿಕೆ. ಮಗುವಿನ ಆರೈಕೆಯನ್ನು ಕಾಲಕಾಲಕ್ಕೆ ಪರಿಶೀಲಿಸಬೇಕೆಂದು ಮಕ್ಕಳ ಹಕ್ಕುಗಳ ಒಡಂಬಡಿಕೆಯ 25ನೇ ವಿಧಿಯೇ ಹೇಳುತ್ತದೆ. ವೈದ್ಯರು ಅಥವಾ ಶಾಲೆಯಿಂದ ಒಂದು ಪುಟದ ಪತ್ರ ಸೇರಿಸಿದರೆ ಬಲ ಬರುತ್ತದೆ.

ನಮ್ಮ ಸ್ವಂತ ಮಕ್ಕಳಿಗೆ ಅನ್ಯಾಯವಾಗುತ್ತಿದೆಯೇನೋ ಅನಿಸುತ್ತದೆ.

ಅವರನ್ನೇ ಕೇಳಿ, ಬೇರೆಯಾಗಿ ಕೂತು ಕೇಳಿ. ವಾರದಲ್ಲಿ ಒಂದು ನಿಗದಿತ ಹೊತ್ತು ಅವರಿಗೇ ಮೀಸಲಿಡಿ. ಬಿಡುವಿನ ಆರೈಕೆಯ ಒಂದು ಪಾಲು ಅದಕ್ಕೇ ಹೋಗಲಿ. ಬಾಗಿಲು ಹಾಕಿಕೊಳ್ಳಬಹುದಾದ ಒಂದು ಜಾಗ, ಮುರಿಯದೆ ಉಳಿಯುವ ತಮ್ಮ ವಸ್ತುಗಳು ಅವರಿಗೆ ಬೇಕು. ಫಿಟ್ಸ್ ಬಂದರೆ ಯಾರನ್ನು ಕೂಗಬೇಕು ಎಂದು ಹೇಳಿಕೊಡಿ, ಆರೈಕೆಯ ಹೊಣೆ ಹೊರಿಸಬೇಡಿ.

ಇನ್ನು ನಮ್ಮಿಂದ ಆಗುವುದಿಲ್ಲ ಅನಿಸಿದರೆ?

ಆ ಮಾತು ಬಾಯಿಗೆ ಬರುವ ಮೊದಲೇ ಸೂಚನೆಗಳಿರುತ್ತವೆ: ಮಗುವಿನ ಹತ್ತಿರ ಹೋಗಲು ಮನಸ್ಸು ಹಿಂಜರಿಯುವುದು, ಅಳು ಕೇಳಿದರೂ ಏನೂ ಅನಿಸದಿರುವುದು, ನಿದ್ದೆ ಬಾರದಿರುವುದು, ಮನೆಯವರಲ್ಲಿ ದಿನವೂ ಜಗಳ. ನೊಂದ ಮಗುವನ್ನು ಹಗಲಿರುಳು ನೋಡಿಕೊಳ್ಳುವವರಿಗೆ ಹೀಗಾಗುವುದು ಗೊತ್ತಿರುವ ವಿಷಯ, ಆಪ್ತಸಲಹೆಯಿಂದ, ನಿದ್ದೆಯಿಂದ, ಬಿಡುವಿನಿಂದ ಸುಧಾರಿಸುತ್ತದೆ. ಅದೇ ವಾರ ತುರ್ತು ಸಭೆ ಕೇಳಿ. 'ಏನೇನು ಸಿಕ್ಕರೆ ಮುಂದುವರಿಸಬಲ್ಲೆವು' ಎಂಬ ಪಟ್ಟಿ ಹಿಡಿದು ಹೋಗಿ: ವಾರದಲ್ಲಿ ಎರಡು ರಾತ್ರಿ ನರ್ಸ್, ಶಾಲೆಗೆ ವಾಹನ, ಹೀಗೆ. ಅಷ್ಟಾಗಿಯೂ ಸಾಧ್ಯವಿಲ್ಲದಿದ್ದರೆ ಮಗುವನ್ನು ರಾತ್ರೋರಾತ್ರಿ ಕಳಿಸುವಂತಾಗದಿರಲಿ. ಹೊಸ ಮನೆಯವರು ಬಂದು ಕಲಿಯಲು, ಮಗು ಅವರನ್ನು ನೋಡಿ ಅಭ್ಯಾಸವಾಗಲು ವಾರಗಳು ಬೇಕು.

18 ತುಂಬಿದ ಮೇಲೆ ಏನಾಗುತ್ತದೆ?

ಮಕ್ಕಳ ಸೇವೆಗಳು ಹೆಚ್ಚಿನ ಕಡೆ ಆ ವಯಸ್ಸಿಗೆ ನಿಲ್ಲುತ್ತವೆ, ದೊಡ್ಡವರ ಸೇವೆಗಳು ತಾವಾಗಿ ಶುರುವಾಗುವುದಿಲ್ಲ. ಮಕ್ಕಳ ತಜ್ಞರೊಬ್ಬರು ನೋಡುತ್ತಿದ್ದುದನ್ನು ಅಲ್ಲಿ ನಾಲ್ಕೈದು ವಿಭಾಗಗಳು ಹಂಚಿಕೊಳ್ಳುತ್ತವೆ. ಹಾಗಾಗಿ 14ಕ್ಕೇ ತಯಾರಿ ಶುರು ಮಾಡಿ: ಯಾವ ವೈದ್ಯರಿಂದ ಯಾವ ವೈದ್ಯರಿಗೆ, ಗಾಲಿಕುರ್ಚಿಯ ಹೊಣೆ ಯಾರಿಗೆ, ಎಲ್ಲಿ ವಾಸ, ಹಣದ ವ್ಯವಹಾರ ಯಾರು ನೋಡುತ್ತಾರೆ, ನಿರ್ಧಾರಗಳಲ್ಲಿ ಅವರಿಗೆ ನೆರವಾಗುವವರು ಯಾರು. ಪ್ರತಿ ಸಭೆಗೂ ಆ ಹುಡುಗ ಅಥವಾ ಹುಡುಗಿ ಬರಲಿ, ಮಾತಿನಿಂದಲೋ ಚಿತ್ರದಿಂದಲೋ ಸನ್ನೆಯಿಂದಲೋ ತಮಗೇನು ಬೇಕು ಎಂದು ಹೇಳಲಿ. ಹಳೆಯ ವೈದ್ಯರೂ ಹೊಸ ವೈದ್ಯರೂ ಒಟ್ಟಿಗೆ ಕೂರುವ ಒಂದು ಭೇಟಿಯನ್ನಾದರೂ 17 ಮುಗಿಯುವುದರೊಳಗೆ ಗೊತ್ತು ಮಾಡಿಸಿ.